ಹೆಮ್ಮಿಗೆ ಹೊಳೆಯ ಮೇಲೊಂದು ಗಂಡಭೇರುಂಡ

ಹೆಮ್ಮಿಗೆ ಸೇತುವೆಯ ಮೇಲೆ ನಿಂತರೆ ಕೆಳಗೆ ಕಾವೇರಿ, ಆಚೆಗೆ ತಲಕಾಡು. ಬೇಸಿಗೆಯಲ್ಲಿ ನೀರು ತಗ್ಗಿ ಮರಳು ಮೇಲೆದ್ದ ಹೊತ್ತಿಗೆ ಗರುಡ ಬರುತ್ತದೆ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಸಾವಕಾಶವಾಗಿ ಸುತ್ತು ಹಾಕುತ್ತಿದ್ದದ್ದು ಸರಕ್ಕನೆ ಇಳಿದು, ಮೈ ನೆನೆಸಿಕೊಳ್ಳದೆ ಕಾಲಷ್ಟನ್ನೇ ನೀರಿಗೆ ಚಾಚಿ ಮೀನೆತ್ತಿಕೊಂಡು ಹೋಗುತ್ತದೆ. ಹಾರುತ್ತಲೇ ಕಾಲನ್ನು ಮುಂದಕ್ಕೆ ತಂದು, ಕತ್ತು ಬಗ್ಗಿಸಿ ಕುಕ್ಕಿ ತಿನ್ನುವುದೂ ಉಂಟು. ಕಂಡವರು ಕೆನ್ನೆ ಬಡಿದುಕೊಳ್ಳುತ್ತಾರೆ, ವಿಷ್ಣುವಿನ ವಾಹನವಲ್ಲವೇ! ತೂಗಿದರೆ ಅರ್ಧ ಕಿಲೋ ಆಸುಪಾಸು.

ಇನ್ನೊಂದು ಹಕ್ಕಿ ಸರ್ಕಾರಿ ಕೆಂಪು ಬಸ್ಸಿನ ಮೈಮೇಲೆ ಕೂತು ಇದೇ ಸೇತುವೆ ದಾಟುತ್ತದೆ. ಅದು ಎರಡು ತಲೆಯ ಗಂಡಭೇರುಂಡ. ಹಿಂದೆ ಮೈಸೂರು ಒಡೆಯರ ಲಾಂಛನ, ಈಗ ರಾಜ್ಯದ್ದು. ಲಾಂಛನದಿಂದ ಇಳಿದು ಈ ಹೊಳೆದಂಡೆಯಲ್ಲಿ ಅದು ನಿಜವಾಗಿಯೂ ಬದುಕಬೇಕಾಗಿದ್ದಿದ್ದರೆ?

ಮೊದಲು ಹೊಟ್ಟೆಯ ಪ್ರಶ್ನೆ. ಬೇಲೂರಿನ ಚೆನ್ನಕೇಶವ ಗುಡಿಯ ಒಂದು ಶಿಲ್ಪದಲ್ಲಿ ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಪುರಾಣದ ಮೃಗ ಶರಭ, ಶರಭವನ್ನು ಗಂಡಭೇರುಂಡ. ಗುಡಿ 1117ರದು. ಕಟ್ಟಿಸಿದ ವಿಷ್ಣುವರ್ಧನ ಚೋಳರನ್ನು ಸೋಲಿಸಿ ‘ತಲಕಾಡುಗೊಂಡ’ನಾದದ್ದು ಇದೇ ಹೊಳೆಯಾಚೆ. ಆನೆ ಹಾವು ತಿನ್ನುವುದಿಲ್ಲ ಎಂಬ ತಕರಾರು ಹಾಗಿರಲಿ. ಇದು ನಮ್ಮ ಶಾಲಾ ಪುಸ್ತಕಗಳ ಆಹಾರ ಸರಪಳಿಯೇ. ಆ ಪುಸ್ತಕಗಳ ಸ್ಥೂಲ ಲೆಕ್ಕದಲ್ಲಿ ಒಂದು ಮೆಟ್ಟಿಲಿನಿಂದ ಮೇಲಿನದಕ್ಕೆ ದಾಟುವುದು ಹತ್ತರಲ್ಲೊಂದು ಪಾಲು. ಐದು ಮೆಟ್ಟಿಲು ಹತ್ತುವಷ್ಟರಲ್ಲಿ ಲಕ್ಷ ಕಿಲೋ ಜಿಂಕೆ ಕರಗಿ ಒಂದು ಕಿಲೋ ಗಂಡಭೇರುಂಡವಾಗುತ್ತದೆ. ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮೂರನ್ನೂ ಒಂದೇ ಜೋಡಿಗೆ ಬರೆದುಕೊಟ್ಟರೂ ಮರಿಗಳು ಉಪವಾಸ.

ಇನ್ನು ಹಾರಾಟ. ಕೆಳದಿಯ ಗುಡಿಯ ಛಾವಣಿಯಲ್ಲಿ ಅದು ಆನೆಗಳನ್ನೇ ಹಿಡಿದುಕೊಂಡಿದೆ. ಹಕ್ಕಿಯ ಅಳತೆ ಇಮ್ಮಡಿಯಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಅದಕ್ಕೇ ಇಂದು ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿನ ಆಫ್ರಿಕಾದ ಕೋರಿ ಬಸ್ಟರ್ಡ್ ಕೂಡ 20 ಕಿಲೋ ಮುಟ್ಟುವುದು ಅಪರೂಪ. ಆನೆ ಎಂದರೆ ಮೂರು-ನಾಲ್ಕು ಟನ್ನು! ಬಳ್ಳಿಗಾವಿಯ ಶಿಲ್ಪಿ 1047ರಲ್ಲೇ ಈ ತಲೆನೋವಿನಿಂದ ಪಾರಾಗಿದ್ದಾನೆ: ಮನುಷ್ಯನ ಮೈಗೆ ಎರಡು ಹಕ್ಕಿತಲೆ ಕೂರಿಸಿ, ಕಂಬದ ಮೇಲೆ ನಿಲ್ಲಿಸಿಬಿಟ್ಟ.

ತಲೆಗಳದ್ದೇ ದೊಡ್ಡ ರಗಳೆ. ಎರಡು ತಲೆಯ ಹಾವು, ಆಮೆ, ಕರುಗಳು ಅಪರೂಪಕ್ಕೆ ನಿಜವಾಗಿಯೂ ಹುಟ್ಟುತ್ತವೆ. ತಲೆಗೊಂದು ಮಿದುಳು; ಒಂದು ಎಡಕ್ಕೆಳೆದರೆ ಇನ್ನೊಂದು ಬಲಕ್ಕೆ. ಅಂಥ ಹಾವಿನ ತಲೆಗಳು ಒಂದೇ ಇಲಿಗಾಗಿ ಕಿತ್ತಾಡುವುದೂ ಇದೆ. ಕಾಡಿನಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಗಂಡಭೇರುಂಡಕ್ಕೆ ಸಿಗುವ ಲಾಭವೊಂದೇ: ಒಂದು ತಲೆ ಮಲಗಿದಾಗ ಇನ್ನೊಂದು ಕಾವಲಿರಬಹುದು. ಬಾತುಕೋಳಿಗಳು ಅದನ್ನು ಒಂದೇ ತಲೆಯಲ್ಲಿ ಸಾಧಿಸಿವೆ. ಒಂದು ಕಣ್ಣು ತೆರೆದಿಟ್ಟು ಅರ್ಧ ಮಿದುಳಿಗೆ ಮಾತ್ರ ನಿದ್ದೆ ಕೊಡುತ್ತವೆ.

ಪ್ರಾಣಿಯಾಗಿ ಗಂಡಭೇರುಂಡ ನಪಾಸು, ಕಲ್ಪನೆಯಾಗಿ ಅದಕ್ಕೆ ಸಾಟಿಯಿಲ್ಲ. ಬೇಲೂರಿಗೆ ಹೋದಾಗ ಆ ಶಿಲ್ಪವನ್ನು ಜಿಂಕೆಯಿಂದ ಮೇಲಕ್ಕೆ ಎಣಿಸುತ್ತ ನೋಡಿ. ಪಕ್ಕದಲ್ಲಿ ಇದನ್ನೆಲ್ಲ ಬೆರಗಾಗಿ ನೋಡುತ್ತಿರುವ ಋಷಿಯೊಬ್ಬನಿದ್ದಾನೆ, ಅವನನ್ನೂ ಮರೆಯಬೇಡಿ.