ಕಾರಿನ ಪ್ರಯಾಣದಲ್ಲಿ ಇನ್ಸುಲಿನ್ ಜೋಪಾನ

ಬೇಸಿಗೆ ರಜೆಗೆ ದೊಡ್ಡನೆಕ್ಕುಂದಿಯಿಂದ ಕಲಬುರಗಿಗೆ ಕಾರಿನಲ್ಲಿ ಹೊರಟಿದ್ದೀರಾ? ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಕೂಲರ್ ಕೊಳ್ಳುವ ಮುನ್ನ ಸ್ವಲ್ಪ ಯೋಚಿಸಿ.

ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಕೂಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಥರ್ಮೋಎಲೆಕ್ಟ್ರಿಕ್ ಕೂಲರ್ ಅಗ್ಗ, ಹಗುರ. ಆದರೆ ಅದು ಸುತ್ತಲಿನ ಉಷ್ಣತೆಗಿಂತ ಸುಮಾರು 15ರಿಂದ 20 ಡಿಗ್ರಿಯಷ್ಟೇ ಇಳಿಸಬಲ್ಲದು. ಸುತ್ತ 40 ಡಿಗ್ರಿ ಇದ್ದರೆ ಒಳಗೆ 20 ಡಿಗ್ರಿಗಿಂತ ಕೆಳಗಿಳಿಯುವುದು ಕಷ್ಟ. ಬಳಕೆಯಲ್ಲಿರುವ ಇನ್ಸುಲಿನ್‌ಗೆ ಇಷ್ಟು ಸಾಕು. ತೆರೆಯದ ಸೀಸೆಗಳಿಗೆ 2ರಿಂದ 8 ಡಿಗ್ರಿ ಬೇಕು. ಅದಕ್ಕೆ ದುಬಾರಿಯಾದರೂ ಕಂಪ್ರೆಸರ್ ಇರುವ ಪೆಟ್ಟಿಗೆಯೇ ಸರಿ. ಅದನ್ನು 5 ಡಿಗ್ರಿಗೆ ಹೊಂದಿಸಿ, ಒಳಗೊಂದು ಥರ್ಮಾಮೀಟರ್ ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು.

ಎಂಜಿನ್ ಆರಿಸಿದಾಗ ಹಲವು ಕಾರುಗಳಲ್ಲಿ ಸಾಕೆಟ್‌ಗೆ ವಿದ್ಯುತ್ ನಿಲ್ಲುತ್ತದೆ. ಉಳಿದವುಗಳಲ್ಲಿ ಬ್ಯಾಟರಿ ಇಳಿಯುತ್ತದೆ. ಬಿಸಿಲಲ್ಲಿ ನಿಂತ ಕಾರಂತೂ ಕಾದ ಒಲೆಯೇ ಸರಿ. ಆದ್ದರಿಂದ ಊಟಕ್ಕೆ ಇಳಿದಾಗ ಔಷಧವನ್ನು ಜೊತೆಗೇ ಒಯ್ಯಿರಿ.

ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿ ಕಂಡರೆ ಚುಚ್ಚಿಕೊಳ್ಳಬೇಡಿ. ಹಾಗೆಂದು ಡೋಸ್ ತಪ್ಪಿಸಲೂ ಬೇಡಿ. ಹತ್ತಿರದ ಔಷಧಿ ಅಂಗಡಿಯಲ್ಲಿ ಹೊಸದನ್ನು ಕೊಳ್ಳಲು ವೈದ್ಯರ ಚೀಟಿ ಸದಾ ಜೇಬಿನಲ್ಲಿರಲಿ.