ನೆರೆನಾಡುಗಳ ಅಂಕಿ-ಅಂಶ ಸಹಕಾರ: ಘಟಪ್ರಭೆಯ ಕಣಿವೆಯ ನಿದರ್ಶನ

ನೆರೆಹೊರೆಯ ನಾಡುಗಳು ತಮ್ಮ ಅಂಕಿ-ಅಂಶಗಳನ್ನು ಒಂದೇ ಕ್ರಮದಲ್ಲಿ ಸಂಗ್ರಹಿಸಿ ಪರಸ್ಪರರ ಉಪಯೋಗಕ್ಕೆ ಒದಗಿಸಿಕೊಳ್ಳಬೇಕೆಂಬ ವಿಚಾರವು ಹೊಸದಲ್ಲ. 1853ರಲ್ಲಿ ಬ್ರಸೆಲ್ಸ್ ನಗರದಲ್ಲಿ ಕ್ವೆಟಲೆಯ ಮುಂದಾಳುತನದಲ್ಲಿ ಕೂಡಿದ ಪ್ರಥಮ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಮಹಾಸಭೆಯ ಮುಖ್ಯ ಚಿಂತೆ ಇದೇ ಆಗಿದ್ದಿತು. ಅದಾದ ಸರಿಯಾಗಿ ನೂರು ವರ್ಷಕ್ಕೆ, 1953ರಲ್ಲಿ, ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯವು ತನ್ನದೇ ಒಂದು ಸಂಖ್ಯಾ ವಿಭಾಗವನ್ನು ತೆರೆಯಿತು. ಇಂದು ಯುರೋಸ್ಟ್ಯಾಟ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯ ಮೂಲ ಅದು. ಆಫ್ರಿಕದ ಹಲವು ರಾಷ್ಟ್ರಗಳು 1993ರಲ್ಲಿ ಒಪ್ಪಂದ ಮಾಡಿಕೊಂಡು ಆಫ್ರಿಸ್ಟ್ಯಾಟ್ ಎಂಬ ಸಂಸ್ಥೆಯನ್ನು ಬಮಾಕೊ ನಗರದಲ್ಲಿ ನೆಲೆಗೊಳಿಸಿದವು. ಇಂತಹ ಸಂಸ್ಥೆಗಳ ಕಾರ್ಯಯೋಜನೆಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಅವು ದೂರದ ಸಂಗತಿಗಳೆಂದು ತೋರುವುದು ಸಹಜ. ಆದರೆ ಅದೇ ಪ್ರಶ್ನೆಯು ನಮ್ಮ ಗಣರಾಜ್ಯದ ಒಳಗೆ, ರಾಜ್ಯ ರಾಜ್ಯಗಳ ನಡುವೆ, ದಿನವೂ ಏಳುತ್ತಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಯೋ ಅಷ್ಟು ಸ್ಪಷ್ಟವಾಗಿ ಗ್ರಂಥಗಳಲ್ಲಿ ಕಾಣುವುದಿಲ್ಲ. ಇಂತಹ ಸಹಕಾರವು ಬಹುಮಟ್ಟಿಗೆ ಕೆಡುವುದು ಒಬ್ಬರು ಇನ್ನೊಬ್ಬರಿಗೆ ಕೋಷ್ಟಕಗಳನ್ನು ಕಳಿಸದೆ ಹೋದುದರಿಂದಲ್ಲ, ಕೋಷ್ಟಕದ ತಲೆಯ ಮೇಲಿನ ಶಬ್ದಗಳಿಗೆ ಇಬ್ಬರೂ ಒಂದೇ ಅರ್ಥ ಮಾಡದೆ ಇರುವುದರಿಂದ ಎಂಬುದನ್ನು ಆ ನೆಲದ ಉದಾಹರಣೆಗಳಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೊಳೆಯ ಸಂಗತಿ. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುತ್ತದೆ. ಮಹಾರಾಷ್ಟ್ರದ ಚಂದಗಡ ಸೀಮೆಯಿಂದ ಬರುವ ತಾಮ್ರಪರ್ಣಿಯು ಹಿಡಕಲ್ ಜಲಾಶಯದ ಮೇಲ್ಭಾಗದಲ್ಲಿ ಅದನ್ನು ಸೇರುವುದು. ಹುಕ್ಕೇರಿ ತಾಲೂಕಿನ ಈ ಜಲಾಶಯದ ಶೇಖರಣಾ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ., ಎಂದರೆ 51 ಸಾವಿರ ದಶಲಕ್ಷ ಘನ ಅಡಿ. ಹಿರಣ್ಯಕೇಶಿಯ ದಾರಿ ಬೇರೆ. ಅದು ಆಂಬೋಲಿಯ ಸಮೀಪದಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳನ್ನು ಹಾದು, ಸಂಕೇಶ್ವರದ ಬಳಿ ಕರ್ನಾಟಕವನ್ನು ಹೊಕ್ಕು, ಹಿಡಕಲ್ಲಿನ ಕೆಳಗೆ ಘಟಪ್ರಭೆಯಲ್ಲಿ ಬೆರೆಯುತ್ತದೆ. ಮುಂದೆ ಧುಪದಾಳದ ಒಡ್ಡು, ಆಮೇಲೆ ಗೋಕಾಕದ ಜಲಪಾತ. ಗೋಕಾಕದ ಬಳಿ ಮಾರ್ಕಂಡೇಯವೂ ಬಂದು ಕೂಡುವುದು. ಆಂಬೋಲಿಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿನ ಸುಮಾರಿಗೆ ಮಳೆ. ಗೋಕಾಕದಲ್ಲಿ ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಆದ್ದರಿಂದ ಗೋಕಾಕ, ಮೂಡಲಗಿಗಳ ಹೊಳೆಸಾಲಿನ ರೈತನು ಕಾಣುವ ನೀರು ಅವನ ಊರಿನ ಮಳೆಯಿಂದ ಬಂದುದಲ್ಲ. ಅದರ ಬಹುಪಾಲಿನ ಲೆಕ್ಕವು ಇನ್ನೊಂದು ರಾಜ್ಯದ ದಫ್ತರದಲ್ಲಿದೆ.

2019ರ ಆಗಸ್ಟಿನಲ್ಲಿ ಗೋಕಾಕ ಪಟ್ಟಣವನ್ನು ನೆರೆ ಹೊಕ್ಕಾಗ ಈ ಮಾತು ಎಲ್ಲರ ಅನುಭವಕ್ಕೆ ಬಂದಿತು. ಪಟ್ಟಣದ ಬಳಿಯ ಲೋಳಸೂರ ಸೇತುವೆಯ ಕೆಳಗೆ ಹರಿಯುವ ಪ್ರವಾಹವು ಮೂರು ಸಂಖ್ಯೆಗಳ ಮೊತ್ತ: ಹಿಡಕಲ್ಲಿನಿಂದ ಬಿಟ್ಟ ನೀರು, ಹಿರಣ್ಯಕೇಶಿಯ ನೀರು, ಮಾರ್ಕಂಡೇಯದ ನೀರು. ಮೊದಲನೆಯದನ್ನು ಜಲಾಶಯದ ಅಧಿಕಾರಿಗಳು ತಮ್ಮ ಬಾಗಿಲುಗಳ ಅಳತೆಯಿಂದಲೇ ಬಲ್ಲರು. ಎರಡನೆಯದನ್ನು ತಡೆಯಲು ಹಿಡಕಲ್ಲಿಗೆ ಸಾಧ್ಯವಿಲ್ಲ. ಮುಂಚಿತವಾಗಿ ತಿಳಿಯಬೇಕಾದರೆ ಆಜರಾ, ಗಡಹಿಂಗ್ಲಜ ಕಡೆಯ ಮಳೆಯ ಮತ್ತು ಹೊಳೆಮಟ್ಟದ ಅಂಕಿಗಳು ಬೇಕು. ಅಂಕಿಗಳು ಬಂದರೆ ಸಾಕೇ? ನಮ್ಮ ದೇಶದ ಮಳೆಮಾಪನದ ದಿನವು ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಗಿನ 8 ಗಂಟೆ 30 ನಿಮಿಷಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಅಳೆದ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ಹೆಸರಿನಲ್ಲಿಯೇ ಬರೆಯುವುದು ವಾಡಿಕೆ. ಒಂದು ಕಚೇರಿ ಈ ವಾಡಿಕೆಯನ್ನು ಪಾಲಿಸಿ, ಇನ್ನೊಂದು ಕಚೇರಿ ಅದೇ ಮಳೆಯನ್ನು ಬಿದ್ದ ದಿನದ ಹೆಸರಿಗೆ ಬರೆದರೆ, ಎರಡು ಕೋಷ್ಟಕಗಳಲ್ಲಿ ಇಡಿಯ ಒಂದು ದಿನದ ಅಂತರವುಂಟಾಗುವುದು. ವಾರ್ಷಿಕ ಸರಾಸರಿ ತೆಗೆಯುವವನಿಗೆ ಇದರಿಂದ ಏನೂ ಬಾಧೆಯಿಲ್ಲ. ಘಟ್ಟದ ಮಳೆ ಗೋಕಾಕವನ್ನು ಮುಟ್ಟುವ ಕಾಲವನ್ನು ಗಂಟೆಗಳಲ್ಲಿ ಎಣಿಸಬೇಕಾದವನಿಗೆ ಮಾತ್ರ ಅಂತಹ ಕೋಷ್ಟಕದಿಂದ ಪ್ರಯೋಜನವಿಲ್ಲ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಜಲವಿಜ್ಞಾನ ಯೋಜನೆಯಿಂದಾಗಿ ತಾವೇ ಮಾಪನ ಮಾಡಿ ತಾವೇ ಸುದ್ದಿ ಕಳಿಸುವ ಯಂತ್ರಗಳು ಬಂದಿವೆ. ಯಂತ್ರವು ಸಂಖ್ಯೆಯನ್ನು ಬೇಗ ತಲುಪಿಸುತ್ತದೆ. ಅದರ ಅರ್ಥವನ್ನು ನಿಶ್ಚಯಿಸುವ ಕೆಲಸ ಮನುಷ್ಯರಿಗೇ ಉಳಿಯುತ್ತದೆ.

ಅರ್ಥನಿಶ್ಚಯವು ಅಸಾಧ್ಯವೇನಲ್ಲ ಎಂಬುದಕ್ಕೆ ಇದೇ ಕಣಿವೆಯಲ್ಲಿ ಉತ್ತಮ ನಿದರ್ಶನವಿದೆ. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಾಧಿಕರಣವು ಕೃಷ್ಣೆಯ ನೀರನ್ನು ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶಗಳಿಗೆ ಹಂಚಿತು. ಶೇಕಡಾ 75ರ ಭರವಸೆಯ 2060 ಟಿ.ಎಂ.ಸಿ.ಯಲ್ಲಿ ಕ್ರಮವಾಗಿ 560, 700, 800 ಎಂಬ ಪಾಲುಗಳು ಎಲ್ಲರ ಬಾಯಲ್ಲಿವೆ. ಆದರೆ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ ಓದಬೇಕಾದದ್ದು ಅದೇ ಆದೇಶದ ಅಷ್ಟೇನೂ ಪ್ರಸಿದ್ಧವಲ್ಲದ ಕಲಮುಗಳನ್ನು. ಜಲವರ್ಷವು ಜೂನ್ 1ರಿಂದ ಮೇ 31ರ ವರೆಗೆ ಎಂದು ಅಲ್ಲಿ ನಿಶ್ಚಯಿಸಲಾಗಿದೆ. ಊರುಗಳ ಕುಡಿಯುವ ನೀರಿಗಾಗಿ ಹೊಳೆಯಿಂದ ಎತ್ತಿದುದರಲ್ಲಿ ಶೇಕಡಾ 20ನ್ನು ಮಾತ್ರ, ಕೈಗಾರಿಕೆಗಾಗಿ ಎತ್ತಿದುದರಲ್ಲಿ ಶೇಕಡಾ 2.5ನ್ನು ಮಾತ್ರ ‘ಬಳಕೆ’ ಎಂದು ಲೆಕ್ಕ ಹಿಡಿಯತಕ್ಕದ್ದು. ಉಳಿದದ್ದು ತಿರುಗಿ ಹೊಳೆಗೆ ಬರುವುದೆಂದು ಭಾವನೆ. ಪ್ರತಿಯೊಂದು ರಾಜ್ಯವೂ ನೀರಾವರಿ, ಕುಡಿಯುವ ನೀರು, ಕೈಗಾರಿಕೆ, ಜಲಾಶಯಗಳಲ್ಲಿ ಆವಿಯಾಗಿ ಹೋದ ನೀರು ಇವುಗಳ ಲೆಕ್ಕವನ್ನು ವರ್ಷವರ್ಷವೂ ಇಡತಕ್ಕದ್ದು, ಅದರ ಸಾರಾಂಶವನ್ನು ಉಳಿದ ರಾಜ್ಯಗಳಿಗೆ ಕಳಿಸತಕ್ಕದ್ದು, ಕೇಳಿದಾಗ ಮೂಲ ದಾಖಲೆಗಳನ್ನು ತೋರಿಸತಕ್ಕದ್ದು.

ಈ ವ್ಯಾಖ್ಯೆ ಇಲ್ಲದಿದ್ದಲ್ಲಿ ಏನಾಗುತ್ತಿದ್ದಿತು? ಒಂದು ಪಟ್ಟಣವು ಹಿರಣ್ಯಕೇಶಿಯಿಂದ 100 ಮಾನ ನೀರನ್ನು ಎತ್ತಿತೆನ್ನಿರಿ. ಒಂದು ರಾಜ್ಯವು ಅದನ್ನು 100 ಎಂದೂ ಇನ್ನೊಂದು 20 ಎಂದೂ ಬರೆದುಕೊಳ್ಳಬಹುದಾಗಿದ್ದಿತು. ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ ಐದುಪಟ್ಟು ಅಂತರ! ಶೇಕಡಾ 20 ಎಂಬುದು ಎಲ್ಲ ಊರುಗಳಿಗೂ ವಾಸ್ತವವಾಗಿ ಹೊಂದುವ ಪ್ರಮಾಣವೇ ಎಂದು ತಜ್ಞರು ವಾದಿಸಬಹುದು. ನನ್ನ ಅಭಿಪ್ರಾಯದಲ್ಲಿ, ಎಲ್ಲರೂ ಒಪ್ಪಿದ ಸ್ಥೂಲ ಪ್ರಮಾಣವು ಒಬ್ಬರೇ ಒಪ್ಪಿದ ಸೂಕ್ಷ್ಮ ಪ್ರಮಾಣಕ್ಕಿಂತ ನೆರೆಯವರ ನಡುವೆ ಹೆಚ್ಚು ಉಪಯುಕ್ತ.

ಕಾಲಾವಧಿಯ ಮಾತೂ ಇಷ್ಟೇ ಮುಖ್ಯ. ಬಚಾವತ್ ನ್ಯಾಯಾಧಿಕರಣದ ಮುಂದೆ ಇದ್ದುದು ವಿಜಯವಾಡದ ಬಳಿಯ 78 ವರ್ಷಗಳ ಪ್ರವಾಹದ ಶ್ರೇಣಿ. 2004ರಲ್ಲಿ ನೇಮಕವಾದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ 1961-62ರಿಂದ 2007-08ರ ವರೆಗಿನ 47 ವರ್ಷಗಳ ಶ್ರೇಣಿಯನ್ನು ಆಧಾರವಾಗಿಟ್ಟುಕೊಂಡಿತು. ಅದರ ಪ್ರಕಾರ ಶೇಕಡಾ 75ರ ಭರವಸೆಯ ನೀರು 2173 ಟಿ.ಎಂ.ಸಿ. ಹೊಳೆ ಅದೇ, ‘ಶೇಕಡಾ 75ರ ಭರವಸೆ’ ಎಂಬ ಶಬ್ದವೂ ಅದೇ. ಶ್ರೇಣಿ ಬೇರೆಯಾದುದರಿಂದ 113 ಟಿ.ಎಂ.ಸಿ.ಯ ಅಂತರ. ಇದು ಎರಡು ಹಿಡಕಲ್ ಜಲಾಶಯಗಳಿಗಿಂತ ಹೆಚ್ಚಿನ ನೀರು.

ಇನ್ನು ನೆಲದ ಲೆಕ್ಕ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿದ್ದಿತು. ಆ ವರ್ಷ ಚಂದಗಡ ತಾಲೂಕನ್ನು ಬಿಟ್ಟು ಉಳಿದ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆದ್ದರಿಂದ 1951ರ ಜನಗಣತಿಯ ‘ಬೆಳಗಾವಿ ಜಿಲ್ಲೆ’ಯೂ 1961ರ ‘ಬೆಳಗಾವಿ ಜಿಲ್ಲೆ’ಯೂ ಒಂದೇ ಭೂಭಾಗವಲ್ಲ. ಹೆಸರನ್ನು ನಂಬಿ ಎರಡು ಸಂಖ್ಯೆಗಳನ್ನು ಕಳೆದು ‘ಬೆಳವಣಿಗೆ’ ತೆಗೆಯುವ ವಿದ್ಯಾರ್ಥಿಯು ಒಂದು ತಾಲೂಕಿನ ಜನರನ್ನೆಲ್ಲ ಇಲ್ಲವಾಗಿಸುತ್ತಾನೆ. ಕುತೂಹಲದ ಸಂಗತಿಯೆಂದರೆ, ಗಡಿಯ ಎರಡೂ ಬದಿಗಳಲ್ಲಿ ಹೊಲದ ಕಾಗದದ ವಂಶ ಒಂದೇ. ಆಚೆ ‘ಸಾತಬಾರಾ’ ಎನ್ನುವುದನ್ನು ಈಚೆ ‘ಉತಾರ’ ಎನ್ನುತ್ತಾರೆ. ಎರಡೂ ಮುಂಬಯಿ ಕಾಲದ ಗ್ರಾಮ ನಮೂನೆಗಳಿಂದ ಬಂದವು. ಹಳೆಯ ಮೈಸೂರಿನ ಪಹಣಿಗಿಂತ ಗಡಹಿಂಗ್ಲಜದ ಕಾಗದವೇ ಹುಕ್ಕೇರಿಯ ಹಳೆಯ ತಲಾಠಿಗೆ ಪರಿಚಿತವಾಗಿದ್ದಿತು. ಸಹಕಾರಕ್ಕೆ ಇಂತಹ ತಳಹದಿಯು ಎಲ್ಲ ಗಡಿಗಳಲ್ಲಿ ದೊರೆಯುವುದಿಲ್ಲ. ಅದನ್ನು ಯಾರೂ ಬಳಸಿಕೊಳ್ಳಲಿಲ್ಲವೆಂಬುದು ವಿಷಾದದ ಮಾತು.

ಬೆಳೆಯ ಅಂದಾಜಿನಲ್ಲಿ ಹಿಂದೆ ಆಣೆವಾರಿ ಪದ್ಧತಿ ಇದ್ದಿತು. ಸಾಧಾರಣ ಬೆಳೆಯನ್ನು ಕೆಲವು ಪ್ರಾಂತಗಳು ಹದಿನಾರಾಣೆ ಎಂದು ಹಿಡಿದರೆ ಮತ್ತೆ ಕೆಲವು ಹನ್ನೆರಡಾಣೆ ಎಂದು ಹಿಡಿಯುತ್ತಿದ್ದವು. ಹೀಗಿರುವಾಗ ‘ಹನ್ನೆರಡಾಣೆ ಬೆಳೆ’ ಎಂಬ ಒಂದೇ ಮಾತು ಒಂದು ಕಡೆ ಸುಭಿಕ್ಷವನ್ನೂ ಇನ್ನೊಂದು ಕಡೆ ಕೊರತೆಯನ್ನೂ ಸೂಚಿಸುವುದು. ಬೆಳೆ ಕಟಾವು ಪ್ರಯೋಗಗಳು ಬಂದು ಈ ಗೊಂದಲವನ್ನು ತಗ್ಗಿಸಿದವು. ಅಲ್ಲಿಯೂ 1940ರ ದಶಕದಲ್ಲಿ ಮಹಾಲನೋಬಿಸ್ ಮತ್ತು ಸುಖಾತ್ಮೆಯವರ ನಡುವೆ ತುಂಡುಭೂಮಿ ಎಷ್ಟು ದೊಡ್ಡದಿರಬೇಕೆಂಬ ಬಗ್ಗೆ ತೀವ್ರವಾದ ವಾದ ನಡೆಯಿತು. ತುಂಡು ತೀರ ಚಿಕ್ಕದಾದರೆ ಅಂಚಿನ ಗಿಡಗಳು ಒಳಗೆ ಸೇರಿ ಇಳುವರಿ ಹೆಚ್ಚಾಗಿ ಕಾಣುತ್ತದೆಂದು ಸುಖಾತ್ಮೆ ತೋರಿಸಿದರು.

ಇಂದು ಈ ಸೀಮೆಯಲ್ಲಿ ಅತ್ಯಂತ ಉರಿಯುವ ಅಂಕಿಯೆಂದರೆ ಕಬ್ಬಿನ ದರ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಕುಳಿತರು. ಕೊನೆಗೆ 3,300 ರೂಪಾಯಿಯ ಘೋಷಣೆಯಾಯಿತು. ಮಹಾರಾಷ್ಟ್ರದಲ್ಲಿ ಇಷ್ಟು ಕೊಡುತ್ತಾರೆ, ಇಲ್ಲಿ ಏಕಿಲ್ಲ ಎಂಬ ಪ್ರಶ್ನೆ ಇಂತಹ ಎಲ್ಲ ಚರ್ಚೆಗಳಲ್ಲಿಯೂ ಬರುತ್ತದೆ, ಬರುವುದು ನ್ಯಾಯವೂ ಹೌದು. ಆದರೆ ‘ದರ’ ಎಂದರೆ ಏನು? 2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಶ್ಚಯಿಸಿದ ದರವು ಶೇಕಡಾ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇಕಡಾ 0.1ರಷ್ಟು ಏರಿದಂತೆಲ್ಲ 3.46 ರೂಪಾಯಿ ಹೆಚ್ಚು. ಎಂದರೆ 10.25ರ ಕಾರಖಾನೆಯಲ್ಲಿ ಟನ್ನಿಗೆ 3,550, 11.25ರ ಕಾರಖಾನೆಯಲ್ಲಿ 3,896. ಇದು ಕಾರಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಣೆಯ ವೆಚ್ಚ ಟನ್ನಿಗೆ 800 ರೂಪಾಯಿ ಎಂದು ಉದಾಹರಣೆಗಾಗಿ ಹಿಡಿದರೆ ರೈತನ ಕೈಗೆ ಬರುವುದು 2,750 ಅಥವಾ 3,096. ಹೀಗೆ ಒಂದೇ ಕಬ್ಬಿಗೆ ನಾಲ್ಕು ಸಂಖ್ಯೆಗಳಾದವು. ನಾಲ್ಕಕ್ಕೂ ‘ದರ’ ಎಂಬ ಒಂದೇ ಹೆಸರು. ರಿಕವರಿ ಎಂದು ರೈತರು ಕರೆಯುವ ಈ ಇಳುವರಿಯು ಹಿಂದಿನ ಹಂಗಾಮಿನದೋ ನಡೆದಿರುವುದರದೋ, ಎಥನಾಲಿಗೆ ಹೋದ ಸಕ್ಕರೆಯ ಅಂಶವನ್ನು ಕೂಡಿಸಿದೆಯೋ ಇಲ್ಲವೋ ಎಂಬ ಪ್ರಶ್ನೆಗಳೂ ಇವೆ. ಮೇಲಾಗಿ ಸಕ್ಕರೆಯ ವರ್ಷ ಅಕ್ಟೋಬರಿನಿಂದ, ಕೃಷಿವರ್ಷ ಜುಲೈಯಿಂದ, ಆಯವ್ಯಯದ ವರ್ಷ ಏಪ್ರಿಲಿನಿಂದ, ಜಲವರ್ಷ ಜೂನಿನಿಂದ. ಒಂದು ಎಕರೆ ಕಬ್ಬು ಎಷ್ಟು ನೀರು ಕುಡಿದು ಎಷ್ಟು ಹಣ ತಂದಿತೆಂದು ಕೇಳಿದವನಿಗೆ ನಾಲ್ಕು ಪಂಚಾಂಗಗಳನ್ನು ಹೊಂದಿಸುವ ಕೆಲಸ ಬೀಳುತ್ತದೆ.

ಹಾಗಾದರೆ ಕಾರ್ಯಯೋಜನೆ ಹೇಗಿರಬೇಕು? ಯುರೋಪು ಎರಡೇ ಪದಾರ್ಥಗಳಿಂದ, ಕಲ್ಲಿದ್ದಲು ಮತ್ತು ಉಕ್ಕಿನಿಂದ, ಪ್ರಾರಂಭಿಸಿದುದು ಇಲ್ಲಿ ಸ್ಮರಣೀಯ. ಕರ್ನಾಟಕ ಮಹಾರಾಷ್ಟ್ರಗಳ ನಡುವೆ ಗಡಿಯ ವಿವಾದ ಇರುವ ತನಕ ಭಾಷೆಯ ಅಂಕಿಗಳಂತಹ ವಿಷಯಗಳಿಂದ ಆರಂಭಿಸುವುದು ಅವಿವೇಕವಾದೀತು. ನೀರು ಮತ್ತು ಕಬ್ಬು, ಇವೆರಡರಿಂದ ತೊಡಗುವುದು ಲೇಸು. ಮೊದಲ ವರ್ಷದಲ್ಲಿ ಸಂಖ್ಯೆಗಳ ವಿನಿಮಯವನ್ನೇ ಮಾಡದೆ, ಎರಡು ರಾಜ್ಯಗಳ ಅರ್ಥ ಮತ್ತು ಸಾಂಖ್ಯಿಕ ನಿರ್ದೇಶನಾಲಯಗಳೂ ನೀರಾವರಿ ಇಲಾಖೆಗಳೂ ಕುಳಿತು ಕನ್ನಡ-ಮರಾಠಿಗಳಲ್ಲಿ ಒಂದು ವ್ಯಾಖ್ಯೆಗಳ ಪುಸ್ತಕವನ್ನು ಸಿದ್ಧಪಡಿಸಬೇಕು. ಅದರಲ್ಲಿ ಪ್ರತಿಯೊಂದು ಶಬ್ದಕ್ಕೂ ಮಾನ, ದಿನಾಂಕ, ವರ್ಷದ ಆರಂಭ, ಅಳೆಯುವ ಸ್ಥಳ ಇವು ಬರೆದಿರಬೇಕು. ಬಳಿಕ ಸಂಕೇಶ್ವರ ಮತ್ತು ಗಡಹಿಂಗ್ಲಜದ ನೌಕರರು ಒಂದು ಮಳೆಗಾಲ ಮತ್ತು ಒಂದು ಕಬ್ಬಿನ ಹಂಗಾಮಿನ ಮಟ್ಟಿಗೆ ಅದರಂತೆ ಲೆಕ್ಕವಿಟ್ಟು, ಪರಸ್ಪರರ ದಾಖಲೆಗಳನ್ನು ತಿಕ್ಕಿ ನೋಡಬೇಕು. ರಾಜಧಾನಿಗಳಲ್ಲಿ ನಡೆಯುವ ಪರಿಷತ್ತುಗಳಿಗಿಂತ ಈ ನಡುವಣ ದರ್ಜೆಯ ಭೇಟಿಗಳಿಂದ ಹೆಚ್ಚು ಫಲವಿದೆಯೆಂದು ನಾನು ಭಾವಿಸುತ್ತೇನೆ. ತಪ್ಪು ಎಲ್ಲಿ ಹುಟ್ಟುತ್ತದೆಂದು ಬಲ್ಲವರು ಅವರೇ. ಹೀಗೆ ಪರೀಕ್ಷಿತವಾದ ಶ್ರೇಣಿಯನ್ನು ಮೂರನೆಯ ವರ್ಷದಿಂದ ಪ್ರಕಟಿಸಬಹುದು. ಪ್ರಕಟಣೆಯ ದಿನವನ್ನು ಮುಂಚಿತವಾಗಿ ಗೊತ್ತುಮಾಡುವುದು ಅವಶ್ಯ. ಇಲ್ಲವಾದರೆ ದರದ ಚಳವಳಿ ನಡೆದಾಗ ಅಂಕಿಗಳನ್ನು ತಡೆಹಿಡಿದರೆಂಬ ಆರೋಪ ಬಂದೇ ಬರುವುದು.

ಇದರೊಂದಿಗೆ ಕೈಗೊಳ್ಳಬೇಕಾದ ಇನ್ನೊಂದು ಕೆಲಸವನ್ನು ಕಾಲೇಜುಗಳೇ ಮಾಡಬಹುದು. 2011ರ ಜನಗಣತಿಯ ಕೋಷ್ಟಕಗಳಲ್ಲಿ ಬೆಳಗಾವಿ ಜಿಲ್ಲೆಗೆ ಹತ್ತು ತಾಲೂಕುಗಳು; ಮೂಡಲಗಿ ಅವುಗಳಲ್ಲಿಲ್ಲ, ಅದು ಆಮೇಲೆ ಆದ ತಾಲೂಕು. 2025ರ ಜೂನಿನ ಅಧಿಸೂಚನೆಯಂತೆ ಮುಂದಿನ ಗಣತಿಯ ನಿರ್ದೇಶನ ದಿನ 2027ರ ಮಾರ್ಚ್ 1. ಅದರ ಕೋಷ್ಟಕಗಳು ಬಂದಾಗ ಗೋಕಾಕ ತಾಲೂಕಿನ ಜನಸಂಖ್ಯೆ ಒಮ್ಮೆಲೇ ಕುಗ್ಗಿದಂತೆ ಕಾಣುವುದು. 2011ರಲ್ಲಿ ಪ್ರತಿಯೊಂದು ಹಳ್ಳಿಗೂ ಆರು ಅಂಕಿಗಳ ಸಂಕೇತ ಸಂಖ್ಯೆಯನ್ನು ಕೊಡಲಾಗಿದೆ. ಆ ಸಂಖ್ಯೆಗಳನ್ನು ಹಿಡಿದು, ಇಂದಿನ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಒಂದೊಂದು ಹಳ್ಳಿಯೂ ಹಿಂದಿನ ಯಾವ ತಾಲೂಕಿನಲ್ಲಿದ್ದಿತೆಂಬ ಪಟ್ಟಿಯನ್ನು ಗಣತಿಯ ಮೊದಲೇ ಸಿದ್ಧಮಾಡಿದರೆ 2011ರ ಸಂಖ್ಯೆಗಳನ್ನು ಹೊಸ ಸೀಮೆಗೆ ತಿರುಗಿ ಕೂಡಿಸಬಹುದು. ಅದೇ ಪಟ್ಟಿಯನ್ನು 1951ರ ಗ್ರಾಮಪಟ್ಟಿಗಳವರೆಗೆ ಹಿಂದಕ್ಕೆ ಒಯ್ದರೆ ಚಂದಗಡದ ಹಳ್ಳಿಗಳೂ ಅದರಲ್ಲಿ ಬರುವವು.