ಫಾಲ್ಸ್ ಸೀಲಿಂಗ್ ಮೇಲಿನ ಒಂದೂವರೆ ಅಡಿ

ಪುಣೆಯ ಕೋಥರೂಡದಲ್ಲಿ ಈಗ ತಲೆಯೆತ್ತಿದರೆ ಮೆಟ್ರೊ. ವನಾಜ್‌ನಿಂದ ಗರವಾರೆ ಕಾಲೇಜಿನವರೆಗಿನ ಸುಮಾರು 5 ಕಿಲೋಮೀಟರ್ ಮಾರ್ಗ 2022ರ ಮಾರ್ಚ್ 6ರಂದು ಆರಂಭವಾಯಿತು. ನಳ್ ಸ್ಟಾಪ್ ಹತ್ತಿರವಂತೂ ಒಂದೇ ಕಂಬಗಳ ಸಾಲು ಎರಡು ಭಾರ ಹೊತ್ತಿದೆ: ನಡುವೆ ವಾಹನಗಳ ಫ್ಲೈಓವರ್, ಅದರ ಮೇಲೆ ರೈಲು. ಇಂಥ ಕೆಲಸಕ್ಕಾಗಿ ಮಹಾಮೆಟ್ರೊ ಸಂಸ್ಥೆ ಮೊದಲು ನಾಗಪುರದಲ್ಲಿ, ಆಮೇಲೆ ಪುಣೆಯಲ್ಲಿ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಎಂಬ ವಿಧಾನವನ್ನು ಬಳಸಿತು. ಎಂಜಿನಿಯರುಗಳ ಬಾಯಲ್ಲಿ ಅದು ಬಿಐಎಂ. ನಿಜವಾಗಿ ಕಟ್ಟುವ ಮೊದಲೇ ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮಗಳಲ್ಲಿ ಕಟ್ಟಿ, ಪ್ರತಿ ಭಾಗಕ್ಕೂ ಅದರ ಅಳತೆ, ವಸ್ತು, ತೂಕದ ವಿವರ ಸೇರಿಸುತ್ತಾರೆ. ಅದಕ್ಕೆ ವೇಳಾಪಟ್ಟಿ ಜೋಡಿಸಿದರೆ ನಾಲ್ಕನೇ ಆಯಾಮ, ವೆಚ್ಚ ಜೋಡಿಸಿದರೆ ಐದನೆಯದು.

ಇದು ಮೆಟ್ರೊ, ವಿಮಾನ ನಿಲ್ದಾಣದಂಥ ದೊಡ್ಡ ಕಾಮಗಾರಿಗಳ ಬಾಬತ್ತು ಎಂಬ ನಂಬಿಕೆ ಬಲವಾಗಿದೆ. ನನ್ನ ಅಭಿಪ್ರಾಯ ಬೇರೆ. ಮೆಟ್ರೊ ಕಂಬದ ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿ ತಯಾರಾಗುತ್ತಿರುವ ಕಚೇರಿಗೆ, ದಂತ ಚಿಕಿತ್ಸಾಲಯಕ್ಕೆ, ಕೋಚಿಂಗ್ ಕ್ಲಾಸಿಗೆ ಅದರ ಅಗತ್ಯ ಎಳ್ಳಷ್ಟೂ ಕಡಿಮೆಯಿಲ್ಲ.

ಒಳಾಂಗಣ ವಿನ್ಯಾಸ ಮಾಡುವವರ ಕೈಗೆ ಸಿಗುವುದು ಬೇರೆಯವರು ಕಟ್ಟಿಟ್ಟ ಬರಿಯ ಗೂಡು. ಕಂಬ, ಬೀಮ್, ಶೌಚಾಲಯದ ಪೈಪು ಎಲ್ಲಿವೆಯೋ ಅಲ್ಲೇ. ಮಾಲೀಕರು ಬಾಡಿಗೆ ಬಿಟ್ಟುಕೊಡುವ ದಿನಗಳು ಎಣಿಸಿದಷ್ಟು. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಕುರ್ಚಿ ಹಾಕುವ ಮೊದಲೇ ಬಾಡಿಗೆ ಶುರು. ಆ ಅವಸರದಲ್ಲಿ ಎಸಿಯವರು, ಎಲೆಕ್ಟ್ರಿಷಿಯನ್, ಸ್ಪ್ರಿಂಕ್ಲರ್ ಪೈಪಿನವರು, ನೆಟ್‌ವರ್ಕ್ ಕೇಬಲಿನವರು, ಸೀಲಿಂಗಿನವರು, ಬಡಗಿ ಎಲ್ಲರೂ ಒಟ್ಟಿಗೆ ಬಂದಿಳಿಯುತ್ತಾರೆ. ಇವರಲ್ಲಿ ಬಹುತೇಕರ ಕಣ್ಣು ಒಂದೇ ಜಾಗದ ಮೇಲೆ: ಸ್ಲ್ಯಾಬಿಗೂ ಫಾಲ್ಸ್ ಸೀಲಿಂಗಿಗೂ ನಡುವಿನ ಒಂದೂವರೆ ಅಡಿ.

ಒಂದು ಲೆಕ್ಕ ಹಾಕಿ ನೋಡೋಣ. ಮಹಡಿಯಿಂದ ಮಹಡಿಗೆ 3,300 ಮಿಲಿಮೀಟರ್ ಎತ್ತರ ಎನ್ನಿ. ಸ್ಲ್ಯಾಬಿನ ದಪ್ಪ 150 ಕಳೆದರೆ 3,150. ಬೀಮಿನ ಆಳ ಸ್ಲ್ಯಾಬೂ ಸೇರಿ 600. ಹಾಗಾಗಿ ಬೀಮಿನ ತಳ ನೆಲದಿಂದ 2,700 ಎತ್ತರದಲ್ಲಿದೆ. ಈ ಕಚೇರಿಗೆ 5 ಟನ್ ಎಸಿ ಬೇಕು. ಟನ್ನಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಎಂಬುದು ರೂಢಿಯ ಲೆಕ್ಕ, ಒಟ್ಟು 2,000. ಗಾಳಿ ಗದ್ದಲ ಮಾಡದೆ ಹರಿಯಬೇಕಾದರೆ ಮುಖ್ಯ ಡಕ್ಟಿನಲ್ಲಿ ಅದರ ವೇಗ ನಿಮಿಷಕ್ಕೆ 1,000 ಅಡಿಯ ಆಸುಪಾಸಿನಲ್ಲಿರಬೇಕು. ಅಂದಮೇಲೆ ಡಕ್ಟಿನ ಬಾಯಿ 2 ಚದರಡಿ: 24 ಇಂಚು ಅಗಲ, 12 ಇಂಚು ಎತ್ತರ. 12 ಇಂಚು ಎಂದರೆ ಸುಮಾರು 300 ಮಿಲಿಮೀಟರ್. ಮೇಲೆ ಕೆಳಗೆ ಸೇರಿ ಇನ್ಸುಲೇಶನ್ 50, ಫ್ಲೇಂಜು ಮತ್ತು ನೇತುಹಾಕುವ ಪಟ್ಟಿಗೆ 50. ಬೀಮಿನ ಕೆಳಗೆ ಈ ಡಕ್ಟ್ ದಾಟಿದರೆ ಅದರ ತಳ 2,300ಕ್ಕೆ ಇಳಿಯಿತು. ಚಾನೆಲ್ಲು, ಜಿಪ್ಸಂ ಬೋರ್ಡಿಗೆ ಇನ್ನೊಂದು 50, ಉಳಿದದ್ದು 2,250. ಎಸಿ ಇರುವ ಕೋಣೆಯಲ್ಲಿ ನೆಲದಿಂದ ಡಕ್ಟಿನ ಅಥವಾ ಫಾಲ್ಸ್ ಸೀಲಿಂಗಿನ ತೀರಾ ಕೆಳಗಿನ ಬಿಂದುವಿಗೆ ಕನಿಷ್ಠ 2.4 ಮೀಟರ್ ಇರಬೇಕೆಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ.

ಡಕ್ಟನ್ನು ಚಪ್ಪಟೆ ಮಾಡಿ 36 ಇಂಚು ಅಗಲ, 8 ಇಂಚು ಎತ್ತರ ಇಟ್ಟರೆ? ಬಾಯಿಯ ವಿಸ್ತೀರ್ಣ ಅಷ್ಟೇ, 288 ಚದರ ಇಂಚು. ಸುತ್ತಳತೆ ಮಾತ್ರ 72ರಿಂದ 88 ಇಂಚಿಗೆ ಏರುತ್ತದೆ. ತಗಡು ಹೆಚ್ಚು, ಗಾಳಿ ಉಜ್ಜಿಕೊಂಡು ಹೋಗುವ ಮೈ ಹೆಚ್ಚು, ಫ್ಯಾನಿಗೆ ಹೊರೆ ಹೆಚ್ಚು. ಇಷ್ಟೆಲ್ಲ ಮಾಡಿದರೂ ಸೀಲಿಂಗ್ 2,350ರಲ್ಲೇ ನಿಂತಿತು. ಮೊದಲಿನ 12 ಇಂಚು ಎತ್ತರದ ಡಕ್ಟನ್ನೇ ಎರಡು ಬೀಮುಗಳ ನಡುವಿನ ಅಂಕಣದಲ್ಲಿ, ಬೀಮಿಗೆ ಸಮಾನಾಂತರವಾಗಿ ಓಡಿಸಿ ನೋಡಿ: 3,150ರಲ್ಲಿ 450 ಕಳೆದು ಸೀಲಿಂಗ್ 2,700ರಲ್ಲಿ ಆರಾಮವಾಗಿ ಕೂರುತ್ತದೆ. ಬೀಮನ್ನು ದಾಟಲೇಬೇಕಾದ ಒಂದು ಕಡೆ ಮಾತ್ರ ಅದನ್ನು 24 ಇಂಚು ಅಗಲ, 6 ಇಂಚು ಎತ್ತರದ ಎರಡು ಕವಲುಗಳಾಗಿ ಒಡೆದರೆ ಅಲ್ಲಿ ಸೀಲಿಂಗು ಹೆಚ್ಚೂಕಡಿಮೆ 2,400ಕ್ಕೆ ಮುಟ್ಟುತ್ತದೆ. ಆ ದಾಟುವ ಜಾಗವನ್ನು ಜನ ಕೂರುವ ಕಡೆ ಇಡದೆ ಓಡಾಡುವ ಹಾದಿಯ ಮೇಲೆ ಇಟ್ಟರೆ ಯಾರಿಗೂ ತೊಂದರೆಯಿಲ್ಲ.

ಈ ಯೋಚನೆಯನ್ನು ಕೆಲಸ ಶುರುವಾಗುವ ಮೊದಲು ಮಾಡಿದರೆ ಅರ್ಧ ದಿನದ ಮಾತು. ತಗಡು ಕತ್ತರಿಸಿ ಆದಮೇಲೆ, ಏಣಿಯ ಮೇಲೆ ನಿಂತ ಕಲಬುರಗಿ ಕಡೆಯ ಸೂಪರ್‌ವೈಸರ್ "ಸಾಹೇಬ್ರ, ಇಲ್ಲಿ ಡಕ್ಟ್ ಕೂಡಂಗಿಲ್ಲ ನೋಡ್ರಿ" ಎಂದಾಗ ಮಾಡಿದರೆ ಒಂದು ವಾರ ಹೋಯಿತು.

ಹಾಗಾದರೆ ಹಳೆಯ ಪದ್ಧತಿಯ ನಕ್ಷೆಗಳಲ್ಲಿ ಇದು ಕಾಣುವುದಿಲ್ಲವೇ? ನಕ್ಷೆಗಳಿಗೇನೂ ಕೊರತೆಯಿರುವುದಿಲ್ಲ. ಎಸಿಯದೊಂದು, ವಿದ್ಯುತ್ತಿನದೊಂದು, ಸೀಲಿಂಗಿನದೊಂದು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ಒಂದರ ಮೇಲೊಂದು ಇಟ್ಟಾಗ ಎತ್ತರದ ದಿಕ್ಕಿನಲ್ಲಿ ಏನಾಗುತ್ತದೆ ಎಂಬುದನ್ನು ಯಾರೋ ಒಬ್ಬರು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. ದೊಡ್ಡ ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ವಿದ್ಯುತ್ ತಂತಿ ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕ್ಯಾಟಿಯಾ ಎಂಬ ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿ, ಫ್ರಾನ್ಸಿನ ಟುಲೂಸ್‌ನಲ್ಲಿ ಹೊಸತು. ಎರಡರ ಮಾದರಿಗಳು ಒಂದಕ್ಕೊಂದು ಹೊಂದಲಿಲ್ಲ. ಜೋಡಿಸಲು ಹೋದಾಗ ತಂತಿ ಗಿಡ್ಡವಾಗಿತ್ತು. 2006ರಲ್ಲಿ ಕಂಪನಿ ವಿಮಾನಗಳ ಹಸ್ತಾಂತರವನ್ನೇ ಮುಂದೂಡಬೇಕಾಯಿತು.

ರೇಖೆ ಎಳೆಯುವುದರ ಬದಲು ವಸ್ತುವನ್ನೇ ಕಂಪ್ಯೂಟರಿಗೆ ವಿವರಿಸಿ ಹೇಳುವ ವಿಚಾರಕ್ಕೆ ಅರ್ಧ ಶತಮಾನ ತುಂಬಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಚಕ್ ಈಸ್ಟ್‌ಮನ್ 1975ರಲ್ಲಿ ಇದನ್ನು ಬರೆದರು: ಕಟ್ಟಡದ ವಿವರವೆಲ್ಲ ಒಂದೇ ಕಡೆ ಇರಲಿ, ನಕ್ಷೆ, ಛೇದಚಿತ್ರ, ಸಾಮಗ್ರಿ ಪಟ್ಟಿ ಎಲ್ಲವೂ ಅದರಿಂದಲೇ ಹೊರಬರಲಿ, ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗಲಿ. ಹಂಗೇರಿಯ ಗ್ರಾಫಿಸಾಫ್ಟ್ 1984ರಲ್ಲಿ ಈಗಿನ ಆರ್ಕಿಕ್ಯಾಡ್‌ನ ಮೊದಲ ರೂಪ ತಂದಿತು. ಇವತ್ತು ಹೆಚ್ಚು ಬಳಕೆಯಲ್ಲಿರುವ ರೆವಿಟ್ 2000ದಲ್ಲಿ ಬಂತು. 2002ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡಿತು. ರೆವಿಟ್ ಹುಟ್ಟುಹಾಕಿದ ಲಿಯೊನಿಡ್ ರೈಜ್ ಮತ್ತು ಅರ್ವಿನ್ ಜಂಗ್‌ರೈಸ್ ಅದಕ್ಕೆ ಮೊದಲು ಯಂತ್ರಭಾಗಗಳ ವಿನ್ಯಾಸದ ತಂತ್ರಾಂಶ ಮಾಡುವ ಕಂಪನಿಯಲ್ಲಿದ್ದವರು. ಯಂತ್ರ ಮಾಡುವವರು ಈ ದಾರಿ ಹಿಡಿದು ಎಷ್ಟೋ ವರ್ಷಗಳಾದ ಮೇಲೆ ಕಟ್ಟಡದವರು ಹಿಂಬಾಲಿಸಿದರು. ಕೋಥರೂಡಕ್ಕೆ ಇದನ್ನು ಒತ್ತಿ ಹೇಳಬೇಕಿಲ್ಲ: ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ ಅಮೆರಿಕದ ಕಮಿನ್ಸ್ ಜೊತೆ ಸೇರಿ 1962ರಲ್ಲಿ ಸ್ಥಾಪಿಸಿದ ಡೀಸೆಲ್ ಎಂಜಿನ್ ಕಂಪನಿ ಬೆಳೆದದ್ದು ಇಲ್ಲೇ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಬೆಲೆ ಕೊಡುವ ಶಿಸ್ತು ಈ ಪೇಟೆಗೆ ಹೊಸದಲ್ಲ.

ಬಿಐಎಂನಲ್ಲಿ ಬಾಗಿಲು ಎಂದರೆ ನಾಲ್ಕು ಗೆರೆಯಲ್ಲ. ತಾನು ಯಾವ ಗೋಡೆಗೆ ಸೇರಿದ್ದೇನೆ, ಯಾವ ಕಡೆಗೆ ತೆರೆಯುತ್ತೇನೆ, ಬೆಂಕಿಗೆ ಎಷ್ಟು ಹೊತ್ತು ತಡೆಯುತ್ತೇನೆ ಎಂಬುದೆಲ್ಲ ಅದಕ್ಕೆ ಗೊತ್ತು. ಗೋಡೆ ಸರಿದರೆ ಬಾಗಿಲೂ ಸರಿಯುತ್ತದೆ, ಬಾಗಿಲ ಪಟ್ಟಿಯೂ ತಿದ್ದಿಕೊಳ್ಳುತ್ತದೆ. ಗಿರಾಕಿಗೆ ತೋರಿಸುವ ಮಿರಿಮಿರಿ ಮಿಂಚುವ ಚಿತ್ರಗಳೂ ಇದರಿಂದ ಬರುತ್ತವೆ, ಆದರೆ ಅಷ್ಟಕ್ಕೇ ಬಳಸಿದರೆ ಈ ವಿದ್ಯೆಯ ಹತ್ತನೇ ಒಂದು ಭಾಗವನ್ನೂ ಬಳಸಿದಂತಾಗಲಿಲ್ಲ.

ಡಿಕ್ಕಿ ಪತ್ತೆ ಅದರ ನಿಜವಾದ ಬಲ. ಕಚೇರಿಯ ಮಾದರಿಯಲ್ಲಿ 10,000 ವಸ್ತುಗಳಿವೆ ಎಂದುಕೊಳ್ಳಿ. ಪ್ರತಿಯೊಂದನ್ನೂ ಇನ್ನೊಂದರ ಜೊತೆ ಹೋಲಿಸಬೇಕಾದರೆ ಸುಮಾರು 5 ಕೋಟಿ ಜೋಡಿಗಳು. ತಂತ್ರಾಂಶ ಅಷ್ಟು ಕಷ್ಟಪಡುವುದಿಲ್ಲ. ಮೊದಲು ಪ್ರತಿ ವಸ್ತುವಿನ ಸುತ್ತ ಒಂದು ಕಾಲ್ಪನಿಕ ಪೆಟ್ಟಿಗೆ ಹಾಕುತ್ತದೆ. ಉದ್ದ, ಅಗಲ, ಎತ್ತರ ಮೂರೂ ದಿಕ್ಕಿನಲ್ಲಿ ಪೆಟ್ಟಿಗೆಗಳು ಒಂದರೊಳಗೊಂದು ನುಗ್ಗಿದ್ದರೆ ಮಾತ್ರ ಮುಂದಿನ ತಪಾಸಣೆ. ಒಂದೇ ಒಂದು ದಿಕ್ಕಿನಲ್ಲಿ ಅಂತರವಿದ್ದರೂ ಆ ಜೋಡಿಯನ್ನು ಕೈಬಿಡುತ್ತದೆ. ಪೂರ್ವದ ಮೂಲೆಯ ಸ್ವಿಚ್ಚನ್ನು ಪಶ್ಚಿಮದ ಮೂಲೆಯ ಪೈಪಿನ ಜೊತೆ ಹೋಲಿಸುವ ಪ್ರಮೇಯವೇ ಬರದಂತೆ ಜಾಗವನ್ನೂ ತುಂಡುತುಂಡಾಗಿ ವಿಂಗಡಿಸಿಕೊಂಡಿರುತ್ತದೆ. ಉಳಿದ ಕೆಲವೇ ಜೋಡಿಗಳ ಮೈಯನ್ನು ಸಣ್ಣ ತ್ರಿಕೋನಗಳಾಗಿ ಒಡೆದು ನಿಖರವಾಗಿ ಪರೀಕ್ಷಿಸುತ್ತದೆ.

ಮೈಗೆ ಮೈ ತಾಗದೆಯೂ ಡಿಕ್ಕಿಯಾಗಬಹುದು. ಅಮೆರಿಕದ ಎನ್‌ಎಫ್‌ಪಿಎ 13 ಮಾನದಂಡದ ಪ್ರಕಾರ ಸ್ಪ್ರಿಂಕ್ಲರಿನ ನೀರು ಹರಡುವ ತಟ್ಟೆಯ ಕೆಳಗೆ ಸಾಮಾನ್ಯವಾಗಿ 18 ಇಂಚು ಖಾಲಿ ಇರಬೇಕು. ಫೈಲುಗಳ ಕಪಾಟನ್ನು ಸೀಲಿಂಗಿನವರೆಗೆ ಎಬ್ಬಿಸಿದರೆ ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಆದರೆ ಬೆಂಕಿ ಬಿದ್ದ ದಿನ ನೀರು ಕಪಾಟಿನ ಆಚೆಗೆ ಹೋಗುವುದಿಲ್ಲ. ಆ ಖಾಲಿ ಜಾಗವನ್ನೂ ಒಂದು ವಸ್ತುವೆಂದೇ ಮಾದರಿಯಲ್ಲಿ ಬರೆದಿಟ್ಟರೆ ತಂತ್ರಾಂಶ ಎಚ್ಚರಿಸುತ್ತದೆ. ಎಸಿಯ ಫಿಲ್ಟರ್ ತೆಗೆಯಲು ಬೇಕಾದ ಕಿಂಡಿಗೂ ಇದೇ ಉಪಾಯ.

ಡಿಕ್ಕಿ ಕಂಡ ಮೇಲೆ ಯಾರು ಜಾಗ ಬಿಡಬೇಕು ಎಂಬ ತೀರ್ಮಾನ ಮಾತ್ರ ಮನುಷ್ಯರದು. ಅನುಭವಿಗಳು ಮೊದಲು ಎಸಿಯ ಡ್ರೇನ್ ಪೈಪಿಗೆ ದಾರಿ ಬಿಡುತ್ತಾರೆ. ಅದು ಗುರುತ್ವವನ್ನೇ ನಂಬಿಕೊಂಡಿದೆ. 100ಕ್ಕೆ 1ರ ಇಳಿಜಾರಾದರೂ ಬೇಕು, 10 ಮೀಟರ್ ಓಡುವಷ್ಟರಲ್ಲಿ 100 ಮಿಲಿಮೀಟರ್ ಇಳಿಯಬೇಕು. ಸೀಲಿಂಗಿನ ಮೇಲೆ ಹಳದಿ ಕಲೆ ಮೂಡಿದ ಎಷ್ಟೋ ಕಚೇರಿಗಳಲ್ಲಿ ತಪ್ಪಿರುವುದು ಈ ಇಳಿಜಾರೇ. ಆಮೇಲೆ ದೊಡ್ಡ ಡಕ್ಟ್, ಬಳಿಕ ಸ್ಪ್ರಿಂಕ್ಲರ್ ಪೈಪು, ಕೊನೆಗೆ ಕೇಬಲ್ ಟ್ರೇ. ತಂತಿ ಎಲ್ಲಿ ಬೇಕಾದರೂ ಬಾಗುತ್ತದೆ.

ಇಷ್ಟಕ್ಕೆಲ್ಲ ಮೊದಲು ಇರುವ ಗೂಡಿನ ಅಳತೆ ಸರಿಯಾಗಿ ಸಿಗಬೇಕು. ಹಳೆಯ ಕಟ್ಟಡಗಳ ಗೋಡೆ ನೇರವಿರುವುದಿಲ್ಲ, ಮೂಲೆ 90 ಡಿಗ್ರಿ ಇರುವುದಿಲ್ಲ. ಲೇಸರ್ ಸ್ಕ್ಯಾನರ್ ಸುತ್ತಲೂ ಬೆಳಕು ಬೀರಿ ಲಕ್ಷಗಟ್ಟಲೆ ಬಿಂದುಗಳ ದೂರ ಅಳೆಯುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುವುದರಿಂದ, ಹೋಗಿ ಬರುವ ಹೊತ್ತು ನೋಡಿ ಒಂದು ಮಿಲಿಮೀಟರ್ ವ್ಯತ್ಯಾಸ ಹಿಡಿಯಬೇಕಾದರೆ ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಏಳರಷ್ಟು ಕಾಲವನ್ನು ಗುರುತಿಸಬೇಕು. ಅದಕ್ಕೇ ಕೆಲವು ಸ್ಕ್ಯಾನರುಗಳು ಕಾಲ ಅಳೆಯುವುದನ್ನು ಬಿಟ್ಟು, ಹೋದ ಅಲೆಗೂ ಮರಳಿದ ಅಲೆಗೂ ನಡುವಿನ ಹೆಜ್ಜೆಯ ವ್ಯತ್ಯಾಸ ನೋಡಿ ದೂರ ಹೇಳುತ್ತವೆ. ಸಣ್ಣ ಕಚೇರಿಗೆ ಇಷ್ಟು ದುಬಾರಿ ಯಂತ್ರ ಬೇಡ. ಕೈಯಲ್ಲಿ ಹಿಡಿಯುವ ಲೇಸರ್ ಮೀಟರಿನಿಂದ ಪ್ರತಿ ಬೀಮಿನ ತಳ, ಪ್ರತಿ ಮೂಲೆಯ ಕರ್ಣ ತೆಗೆದುಕೊಂಡರೂ ನಡೆದೀತು. ಬಿಲ್ಡರ್ ಕೊಟ್ಟ ನಕ್ಷೆಯನ್ನೇ ನಂಬಿ ಮಾದರಿ ಕಟ್ಟಿದರೆ ಮಾತ್ರ ಎಲ್ಲವೂ ನೀರಿನಲ್ಲಿ ಹೋಮ.

ಮಾದರಿಯಲ್ಲಿ ವಸ್ತುವಿನ ಗುಣ ಬರೆದಿರುವುದರಿಂದ ಕಣ್ಣಿಗೆ ಕಾಣದ್ದನ್ನೂ ಮೊದಲೇ ತಿಳಿಯಬಹುದು. ಈಗಿನ ಕಚೇರಿಗಳ ಮೀಟಿಂಗ್ ರೂಮುಗಳಿಗೆಲ್ಲ ಗಾಜಿನ ಗೋಡೆ. ಒಳಗೆ ಮಾತು ಗುಂಯ್‌ಗುಡುತ್ತದೆ, ವಿಡಿಯೊ ಕರೆಯಲ್ಲಿ ಆಚೆಯವರಿಗೆ ಅರ್ಥವಾಗುವುದಿಲ್ಲ. 1895ರಲ್ಲಿ ಹಾರ್ವರ್ಡಿನ ಉಪನ್ಯಾಸ ಸಭಾಂಗಣವೊಂದರ ಇದೇ ಕಾಯಿಲೆಗೆ ಮದ್ದು ಹುಡುಕಲು ಹೊರಟ ವಾಲೆಸ್ ಸಬೈನ್, ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಕಾಲ ಅಳೆದು ಒಂದು ಸೂತ್ರ ಕಂಡುಕೊಂಡರು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಅಲ್ಲಿನ ಮೇಲ್ಮೈಗಳು ಸದ್ದನ್ನು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಿ. 6 ಮೀಟರ್ ಉದ್ದ, 5 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆ 81 ಘನಮೀಟರ್. ಹೀರುವ ಶಕ್ತಿ 10 ಚದರಮೀಟರಿನಷ್ಟಿದ್ದರೆ ಸದ್ದು ಅಡಗಲು 1.3 ಸೆಕೆಂಡ್. 30 ಚದರಮೀಟರ್ ಸೀಲಿಂಗಿಗೆ ಜಿಪ್ಸಂ ಬದಲು, ಬಿದ್ದ ಸದ್ದಿನಲ್ಲಿ ನೂರಕ್ಕೆ 70 ಪಾಲು ಹೀರುವ ಅಕೌಸ್ಟಿಕ್ ಟೈಲ್ ಹಾಕಿದರೆ 0.44 ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಲು ಅಷ್ಟು ಸಾಕು. ಗಾಜು ಹಾಗೇ ಇರಲಿ.

ಪುಣೆಯಲ್ಲಿ ಅಮೆರಿಕ, ಇಂಗ್ಲೆಂಡಿನ ಕಟ್ಟಡಗಳಿಗೆ ಬಿಐಎಂ ಮಾದರಿ ಮಾಡಿಕೊಡುವ ಕಂಪನಿಗಳು ಬಹಳ. ಅಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಸಾಗರದಾಚೆಯ ಕಚೇರಿಯೊಂದರ ಪ್ರತಿ ಪೈಪಿನ ಗಂಟೂ ಗೊತ್ತು. ಅವರ ಮನೆಯೆದುರಿನ ಕ್ಲಿನಿಕ್ಕಿನ ಕೆಲಸ ಮಾತ್ರ ವಾಟ್ಸಾಪಿನಲ್ಲಿ ಬಂದ ನಕ್ಷೆಯ ಫೋಟೊ ನೋಡಿಕೊಂಡು ನಡೆಯುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ತಂತ್ರಾಂಶ ದುಬಾರಿ ಎಂಬ ಮಾತಿನಲ್ಲಿ ಹುರುಳಿದೆ, ಆದರೆ ಅದೇ ಪೂರ್ತಿ ಕಾರಣವಲ್ಲ. ಐಎಫ್‌ಸಿ ಎಂಬ ಮುಕ್ತ ಕಡತ ರೂಪ 2013ರಲ್ಲಿ ಐಎಸ್‌ಒ 16739 ಮಾನದಂಡವಾಗಿದೆ. ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದ ಜೊತೆ ಕೆಲಸ ಮಾಡುವ ಬೊನ್ಸಾಯ್‌ನಂಥ ಉಚಿತ ತಂತ್ರಾಂಶ ಅದರಲ್ಲೇ ಮಾದರಿ ಕಟ್ಟುತ್ತದೆ. ಸಣ್ಣ ಕಚೇರಿಗೆ ಪ್ರತಿ ಸ್ಕ್ರೂ ಬಿಡಿಸುವ ಅಗತ್ಯವಿಲ್ಲ. ಬೀಮ್, ಡಕ್ಟ್, ಪೈಪು, ಸೀಲಿಂಗ್, ದೊಡ್ಡ ಪೀಠೋಪಕರಣ ಇಷ್ಟನ್ನು ಸರಿಯಾದ ಅಳತೆಯಲ್ಲಿ ಇಟ್ಟರೆ ಮುಖ್ಯ ಡಿಕ್ಕಿಗಳೆಲ್ಲ ಹೊರಬೀಳುತ್ತವೆ.

ಕೆಲಸಗಾರರ ಕೈಗೆ ಅದು ತಲುಪಬೇಕಾದದ್ದು ಅದಕ್ಕಿಂತ ಮುಖ್ಯ. ಪುಣೆಯ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಜನ ಬಹಳ. ಅವರ ಪಕ್ಕದಲ್ಲೇ ಮರಾಠಿ, ಹಿಂದಿ ಮಾತಾಡುವವರು. ಸೀಲಿಂಗಿನ ಮೇಲಿನ ನೋಟವನ್ನು ಡಕ್ಟಿಗೆ ನೀಲಿ, ಸ್ಪ್ರಿಂಕ್ಲರಿಗೆ ಕೆಂಪು, ಡ್ರೇನಿಗೆ ಹಸಿರು ಬಣ್ಣ ಕೊಟ್ಟು, ನೆಲದಿಂದ ಎತ್ತರವನ್ನು ದಪ್ಪ ಅಂಕಿಯಲ್ಲಿ ಬರೆದು, ಗೋಡೆಗೆ ಅಂಟಿಸಿದರೆ ಭಾಷೆ ಅಡ್ಡ ಬರುವುದಿಲ್ಲ. ತಗಡು ಕತ್ತರಿಸುವ ಮೊದಲು ಎಸಿಯವರನ್ನೂ ಎಲೆಕ್ಟ್ರಿಷಿಯನ್ನರನ್ನೂ ಆ ಹಾಳೆಯ ಮುಂದೆ ಒಮ್ಮೆ ಒಟ್ಟಿಗೆ ನಿಲ್ಲಿಸಬೇಕು. ಕೆಲಸದ ನಡುವೆ ಪೈಪು ಎಲ್ಲಾದರೂ ಸರಿದರೆ ಅದನ್ನು ಸಂಜೆಯೇ ಮಾದರಿಯಲ್ಲೂ ಸರಿಸಬೇಕು. ಕಚೇರಿಯ ಯಜಮಾನರು ಕೊನೆಯ ಬಿಲ್ ಚುಕ್ತಾ ಮಾಡುವ ಮೊದಲು ಎಸಿಯ ವಾರಂಟಿ ಕಾಗದದ ಜೊತೆ ಆ ತಿದ್ದಿದ ಐಎಫ್‌ಸಿ ಕಡತವನ್ನೂ ಕೇಳಿ ಪಡೆಯಲಿ. ಮುಂದೆ ಯಾವಾಗಲೋ ನೀರು ಸೋರಿದಾಗ ವಾಲ್ವ್ ಎಲ್ಲಿದೆ ಎಂದು ಹುಡುಕಲು ಇಡೀ ಸೀಲಿಂಗ್ ಒಡೆಯಬೇಕಾಗಿಲ್ಲ. ಒಂದು ಬೋರ್ಡ್ ಬಿಚ್ಚಿದರೆ ಸಾಕು.